ವಿಜ್ಞಾನಿಗೊಂದು ಗಾನಾಂಜಲಿ

ಜಪಾನಿನ ಬೇಸಿಗೆಯ ಕಾಲವೂ ನಮ್ಮ ಬೇಸಿಗೆಯ ಕಾಲವೂ ಒಂದಲ್ಲ. ನಮ್ಮ ನಾಡಿನಲ್ಲಿ ಆಷಾಢದ ಗಾಳಿ ಬೀಸಿ ಶ್ರಾವಣದ ಮಳೆ ಸುರಿಯುವ ಜುಲೈ, ಆಗಸ್ಟ್ ತಿಂಗಳುಗಳೇ ಅಲ್ಲಿ ಕಡುಬೇಸಿಗೆಯ ದಿನಗಳು. ಹಗಲಿನ ಸೆಕೆಯಿಂದ ಬಳಲಿದ ಜನರು ಸಂಜೆಯ ತಂಪಿಗಾಗಿ ಹಾತೊರೆಯುತ್ತಾರೆ. ಈ ದಿನಗಳಲ್ಲಿಯೇ ‘ಬೋನ್’ ಎಂಬ ಹಬ್ಬ ಬರುತ್ತದೆ. ನಾವು ಪಿತೃಪಕ್ಷದಲ್ಲಿ ಹಿರಿಯರನ್ನು ನೆನೆಯುವಂತೆ ಜಪಾನೀಯರು ಈ ಹಬ್ಬದಲ್ಲಿ ಅಗಲಿದ ಹಿರಿಯರನ್ನು ಮನೆಗೆ ಬರಮಾಡಿಕೊಳ್ಳುತ್ತಾರೆ. ಅವರ ದಾರಿಗೆ ಬೆಳಕಾಗಲೆಂದು ದೀಪಗಳನ್ನು ಹಚ್ಚಿಡುತ್ತಾರೆ. ವೃತ್ತಾಕಾರವಾಗಿ ನಿಂತು ನಗಾರಿಯ ಗತಿಗೆ ಹೆಜ್ಜೆ ಹಾಕುತ್ತಾರೆ. ಗತಿಸಿದವರನ್ನು ನೆನೆಯುವ ಹಬ್ಬವಾದರೂ ಅದರಲ್ಲಿ ಗೋಳಾಟವಿಲ್ಲ, ಹಾಡಿದೆ, ಕುಣಿತವಿದೆ.

ತಾಯ್ನಾಡನ್ನು ಬಿಟ್ಟು ಕಡಲಾಚೆ ನೆಲೆಸಿದ ಜಪಾನೀಯರು ಈ ಸಂಪ್ರದಾಯವನ್ನೂ ತಮ್ಮೊಡನೆ ಕೊಂಡೊಯ್ದರು. ಅಮೆರಿಕ, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ಅವರ ಸಾಂಸ್ಕೃತಿಕ ಸಂಘಗಳು ಬೇಸಿಗೆಯ ಸಂಜೆಗಳಲ್ಲಿ ಸಂಗೀತ ಕೂಟಗಳನ್ನು ಏರ್ಪಡಿಸುವುದುಂಟು. ಅಲ್ಲಿ ಹದಿಮೂರು ತಂತಿಗಳ ‘ಕೋತೊ’ ವಾದ್ಯ ನುಡಿಯುತ್ತದೆ. ಬಿದಿರಿನ ಕೊಳಲಾದ ‘ಶಕುಹಾಚಿ’ಯಿಂದ ಉಸಿರು ಸ್ವರವಾಗಿ ಹೊಮ್ಮುತ್ತದೆ. ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಭಾಷೆಯ ಹಾಡುಗಳನ್ನು ಕಲಿಯುತ್ತಾರೆ. ಇಂತಹ ಸಂಜೆಗಳಲ್ಲಿ ಸಮುದಾಯದ ಹಿರಿಯರನ್ನು ಸ್ಮರಿಸುವುದು ಸಹಜವೇ ಆಗಿದೆ. ಕವಿಗೋ ಗಾಯಕನಿಗೋ ಗಾನದಿಂದ ಗೌರವ ಸಲ್ಲಿಸಿದರೆ ಯಾರಿಗೂ ಆಶ್ಚರ್ಯವಾಗದು. ಆದರೆ ಅಂತಹ ಗೌರವಕ್ಕೆ ಎಲ್ಲ ವಿಧದಲ್ಲಿಯೂ ಪಾತ್ರನಾದ ಒಬ್ಬ ಹಿರಿಯನು ರಸಾಯನ ವಿಜ್ಞಾನಿ. ಆತನೇ ಜೋಕಿಚಿ ತಕಮೀನೆ. ಪ್ರಯೋಗಶಾಲೆಯಲ್ಲಿ ಬಾಳನ್ನು ಕಳೆದ ವಿಜ್ಞಾನಿಗೂ ಕೋತೊವಿನ ತಂತಿಗೂ ಏನು ಸಂಬಂಧ? ಇದನ್ನು ತಿಳಿಯಬೇಕಾದರೆ ಅವರ ಜೀವನವನ್ನು ಅರಿಯಬೇಕು.

ತಕಮೀನೆಯವರು 1854ರಲ್ಲಿ ಜಪಾನಿನ ತಕಾವೊಕ ಎಂಬ ಊರಿನಲ್ಲಿ ಜನಿಸಿದರು. ಬೆಳೆದದ್ದು ಕನಜಾವ ನಗರದಲ್ಲಿ. ತಂದೆ ವೈದ್ಯರು, ಡಚ್ಚರ ಮೂಲಕ ಜಪಾನಿಗೆ ಬಂದ ಪಾಶ್ಚಾತ್ಯ ವಿದ್ಯೆಯನ್ನು ಬಲ್ಲವರು. ತಾಯಿಯ ತವರಿನವರು ಅಕ್ಕಿಯಿಂದ ‘ಸಾಕೆ’ ಎಂಬ ಪಾನೀಯವನ್ನು ತಯಾರಿಸುತ್ತಿದ್ದವರು. ಒಂದು ಕಡೆ ಹೊರನಾಡಿನ ವಿಜ್ಞಾನ, ಇನ್ನೊಂದು ಕಡೆ ಹಳೆಯ ಮನೆತನದ ಕಸುಬು. ಇವೆರಡೂ ಮುಂದೆ ಅವರ ಬಾಳಿನಲ್ಲಿ ಒಂದುಗೂಡಿದವು. ಇನ್ನೂ ಬಾಲಕನಾಗಿದ್ದಾಗಲೇ ಪರಭಾಷೆಯನ್ನು ಕಲಿಯಲೆಂದು ಅವರನ್ನು ದೂರದ ನಾಗಸಾಕಿಗೆ ಕಳುಹಿಸಲಾಯಿತು. ಅನಂತರ ಟೋಕಿಯೊದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅನ್ವಯಿಕ ರಸಾಯನಶಾಸ್ತ್ರವನ್ನು ಕಲಿತು 1879ರಲ್ಲಿ ಪದವಿ ಪಡೆದರು. ಸರಕಾರವು ಅವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಕಳುಹಿಸಿತು.

1884ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆಯಿತು. ಜಪಾನ್ ಸರಕಾರದ ಪರವಾಗಿ ಅಲ್ಲಿಗೆ ಹೋದ ತಕಮೀನೆಯವರು ರಂಜಕಯುಕ್ತವಾದ ಫಾಸ್ಫೇಟ್ ಕಲ್ಲನ್ನು ಕಂಡರು. ಅದರಿಂದ ತಮ್ಮ ದೇಶದ ಹೊಲಗಳಿಗೆ ಗೊಬ್ಬರವನ್ನು ಸಿದ್ಧಪಡಿಸಬಹುದೆಂದು ಮನಗಂಡು, ಸ್ವದೇಶಕ್ಕೆ ಮರಳಿ, 1887ರಲ್ಲಿ ಟೋಕಿಯೊದಲ್ಲಿ ಕೃತಕ ಗೊಬ್ಬರದ ಕಾರ್ಖಾನೆಯನ್ನು ಸ್ಥಾಪಿಸುವುದರಲ್ಲಿ ಪಾಲುಗೊಂಡರು. ನ್ಯೂ ಆರ್ಲಿಯನ್ಸ್‌ನಲ್ಲಿ ಪರಿಚಿತಳಾದ ಕ್ಯಾರೊಲೈನ್ ಹಿಚ್ ಎಂಬಾಕೆಯನ್ನು ಅದೇ ವರ್ಷ ವಿವಾಹವಾದರು. 1890ರಲ್ಲಿ ಕುಟುಂಬ ಸಮೇತರಾಗಿ ಅಮೆರಿಕಕ್ಕೆ ತೆರಳಿದರು.

ಅಮೆರಿಕಕ್ಕೆ ಅವರು ಕೊಂಡೊಯ್ದ ಬಂಡವಾಳವೆಂದರೆ ಒಂದು ಬೂಷ್ಟು! ಅದರ ಹೆಸರು ‘ಕೋಜಿ’. ನಮ್ಮ ಮನೆಗಳಲ್ಲಿ ಇಡ್ಲಿಯ ಹಿಟ್ಟನ್ನು ಹುದುಗಿಸಲು ಕಣ್ಣಿಗೆ ಕಾಣದ ಜೀವಿಗಳು ನೆರವಾಗುವಂತೆ, ಜಪಾನಿನಲ್ಲಿ ಅಕ್ಕಿ, ಸೋಯಾ ಅವರೆಗಳನ್ನು ಹುದುಗಿಸಲು ಈ ಬೂಷ್ಟು ನೆರವಾಗುತ್ತದೆ. ಅದು ಸ್ರವಿಸುವ ಡಯಾಸ್ಟೇಸ್ ಎಂಬ ಕಿಣ್ವವು ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಪಶ್ಚಿಮದ ಜನರು ಇದೇ ಕೆಲಸಕ್ಕೆ ಮೊಳಕೆ ಬರಿಸಿದ ಬಾರ್ಲಿಯನ್ನು ಬಳಸುತ್ತಿದ್ದರು. ಗೋಧಿಯ ತವುಡಿನ ಮೇಲೆ ಕೋಜಿಯನ್ನು ಬೆಳೆಸಿದರೆ ಅದೇ ಕೆಲಸವು ಅಲ್ಪಕಾಲದಲ್ಲಿ, ಅಲ್ಪವ್ಯಯದಲ್ಲಿ ನೆರವೇರುವುದೆಂದು ತಕಮೀನೆಯವರು ಕಂಡುಕೊಂಡರು. ಇಲಿನಾಯ್ ರಾಜ್ಯದ ಪಿಯೋರಿಯ ಎಂಬ ಊರಿನಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ಆರಂಭವಾಯಿತು. ಆದರೆ 1891ರಲ್ಲಿ ಆ ಕಟ್ಟಡವು ಬೆಂಕಿಗೆ ಆಹುತಿಯಾಯಿತು. ಸಾಲದುದಕ್ಕೆ ಯಕೃತ್ತಿನ ವ್ಯಾಧಿಯೂ ಅವರನ್ನು ಕಾಡಿತು.

ಎದೆಗುಂದುವವರಾಗಿದ್ದರೆ ಅವರ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರು ಅದೇ ಬೂಷ್ಟನ್ನು ಬೇರೊಂದು ದೃಷ್ಟಿಯಿಂದ ನೋಡಿದರು. ಪಿಪಾಯಿಯಲ್ಲಿ ಪಿಷ್ಟವನ್ನು ಕರಗಿಸಬಲ್ಲ ಕಿಣ್ವವು ಮನುಷ್ಯನ ಜಠರದಲ್ಲಿಯೂ ಅದನ್ನು ಏಕೆ ಕರಗಿಸಬಾರದು? ಈ ಆಲೋಚನೆಯಿಂದ ‘ತಕಾ ಡಯಾಸ್ಟೇಸ್’ ಎಂಬ ಅಜೀರ್ಣದ ಔಷಧವು ಜನ್ಮ ತಾಳಿತು. 1894ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಪಾರ್ಕ್ ಡೇವಿಸ್ ಎಂಬ ಔಷಧ ಸಂಸ್ಥೆಯು ಅದನ್ನು ಮಾರಾಟಕ್ಕೆ ತಂದಿತು. ಅಕ್ಕಿಯ ಸಾಕೆ ತಯಾರಿಸುವ ಅಡಿಗೆಮನೆಯ ತಿಳಿವಳಿಕೆಯು ಹೀಗೆ ಆಧುನಿಕ ವೈದ್ಯದ ಭಾಗವಾಯಿತು.

ಅವರ ಹೆಸರನ್ನು ಚಿರಸ್ಥಾಯಿಯಾಗಿ ಮಾಡಿದ ಸಾಧನೆ ಇನ್ನೂ ಮುಂದಿತ್ತು. ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಚಿಕ್ಕ ಗ್ರಂಥಿಗಳಿವೆ. ಅವುಗಳ ಸಾರವನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ರಕ್ತದ ಒತ್ತಡವು ಥಟ್ಟನೆ ಏರುವುದೆಂದು ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದರು. ಆ ಸಾರದಲ್ಲಿ ಅಡಗಿರುವ ಮೂಲವಸ್ತು ಯಾವುದು? ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಲು ಅನೇಕ ದೇಶಗಳ ವಿಜ್ಞಾನಿಗಳು ಯತ್ನಿಸುತ್ತಿದ್ದರು. ನ್ಯೂಯಾರ್ಕಿನ ತಮ್ಮ ಚಿಕ್ಕ ಪ್ರಯೋಗಶಾಲೆಯಲ್ಲಿ ತಕಮೀನೆಯವರೂ ಈ ಕಾರ್ಯಕ್ಕೆ ಕೈಹಾಕಿದರು. 1900ರಲ್ಲಿ ಕೇಜೋ ಉಯೆನಾಕ ಎಂಬ ತರುಣನು ಜಪಾನಿನಿಂದ ಬಂದು ಅವರ ಸಹಾಯಕನಾದನು. ಎತ್ತುಗಳ ಗ್ರಂಥಿಗಳನ್ನು ಅರೆದು, ಸೋಸಿ, ಸಾಂದ್ರಗೊಳಿಸುವ ಬೇಸರದ ಕೆಲಸವೆಲ್ಲ ಆತನ ಪಾಲಿನದು. ಅದೇ ವರ್ಷದ ಜುಲೈ ತಿಂಗಳಿನ ಸೆಕೆಯಲ್ಲಿ, ಗಾಜಿನ ನಳಿಗೆಯ ತಳದಲ್ಲಿ ಹರಳುಗಳು ಕಾಣಿಸಿಕೊಂಡವು. ಆ ವಸ್ತುವಿಗೆ ತಕಮೀನೆಯವರು ‘ಅಡ್ರಿನಲಿನ್’ ಎಂದು ಹೆಸರಿಟ್ಟರು. ಶರೀರದ ಗ್ರಂಥಿಗಳು ರಕ್ತಕ್ಕೆ ಬಿಡುವ ರಸಗಳಲ್ಲಿ ಶುದ್ಧ ಹರಳಾಗಿ ಮನುಷ್ಯನ ಕೈಗೆ ಸಿಕ್ಕಿದ್ದು ಇದೇ ಮೊದಲು. ಅಂತಹ ರಸಗಳನ್ನು ನಾವಿಂದು ಹಾರ್ಮೋನುಗಳೆಂದು ಕರೆಯುತ್ತೇವೆ. ಆದರೆ ಆ ಪದ ಬಳಕೆಗೆ ಬಂದದ್ದು 1905ರಲ್ಲಿ.

ಭಯವಾದಾಗ ನಮ್ಮ ಎದೆ ಡವಡವನೆ ಬಡಿದುಕೊಳ್ಳುವುದು ಈ ಅಡ್ರಿನಲಿನ್ನಿನ ಪ್ರಭಾವದಿಂದ. ಔಷಧವಾಗಿ ಅದು ಎಷ್ಟು ಜೀವಗಳನ್ನು ಉಳಿಸಿದೆಯೆಂದು ಲೆಕ್ಕವಿಟ್ಟವರಿಲ್ಲ. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಪ್ರತಿವಿಷವನ್ನು ಕೊಡುತ್ತಾರೆ. ಕೆಲವರ ದೇಹಕ್ಕೆ ಆ ಪ್ರತಿವಿಷವೇ ಒಗ್ಗದೆ, ಉಸಿರು ಕಟ್ಟಿ, ರಕ್ತದ ಒತ್ತಡ ಕುಸಿದು, ಪ್ರಾಣಕ್ಕೇ ಅಪಾಯ ಒದಗುವುದುಂಟು. ಆಗ ಕಾಪಾಡುವುದು ಅಡ್ರಿನಲಿನ್ನಿನ ಒಂದು ಚುಚ್ಚುಮದ್ದು. ನ್ಯೂಯಾರ್ಕಿನ ಆ ಬೇಸಿಗೆಯ ಹರಳುಗಳಿಗೆ ನಾವೂ ಋಣಿಗಳು.

ಈ ಸಾಧನೆಗಳಿಂದ ತಕಮೀನೆಯವರು ಧನವಂತರಾದರು. ಆದರೆ ಧನವಾಗಲಿ ಕೀರ್ತಿಯಾಗಲಿ ಅವರಿಗೆ ಅಮೆರಿಕದ ಪೌರತ್ವವನ್ನು ದೊರಕಿಸಲಾರದಾಗಿತ್ತು. ಅಂದಿನ ಅಮೆರಿಕದ ಕಾನೂನು ವಲಸೆ ಬಂದ ಜಪಾನೀಯರಿಗೆ ಆ ಹಕ್ಕನ್ನು ನಿರಾಕರಿಸಿತ್ತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜಪಾನೀ ಮಕ್ಕಳನ್ನು ಬೇರೆ ಶಾಲೆಗೆ ಕಳುಹಿಸಬೇಕೆಂಬ ಆಜ್ಞೆಯೂ ಹೊರಟಿತು. ಇಂತಹ ತಿರಸ್ಕಾರಕ್ಕೆ ತಕಮೀನೆಯವರು ಕೊಟ್ಟ ಉತ್ತರ ಕೋಪದ್ದಲ್ಲ, ಪರಿಚಯದ್ದು. ಅರಿಯದ ಜನರನ್ನು ದ್ವೇಷಿಸುವುದು ಸುಲಭ. ಅರಿತವರನ್ನು ದ್ವೇಷಿಸುವುದು ಕಷ್ಟ. ಆದುದರಿಂದ ಎರಡು ನಾಡುಗಳ ಜನ ಕಲೆತು ಕುಳಿತುಕೊಳ್ಳುವ ತಾಣಗಳನ್ನು ಕಟ್ಟಲು ಅವರು ತಮ್ಮ ಸಂಪತ್ತನ್ನು ವಿನಿಯೋಗಿಸಿದರು. 1905ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ನಿಪ್ಪಾನ್ ಕ್ಲಬ್ಬಿಗೆ ಅವರೇ ಮೊದಲ ಅಧ್ಯಕ್ಷರು. 1907ರಲ್ಲಿ ಹುಟ್ಟಿದ ಜಪಾನ್ ಸೊಸೈಟಿಯ ಬೆಳವಣಿಗೆಗೂ ಅವರು ಶ್ರಮಿಸಿದರು. 1904ರ ಸೇಂಟ್ ಲೂಯಿಸ್ ಪ್ರದರ್ಶನಕ್ಕಾಗಿ ಜಪಾನೀ ಶೈಲಿಯಲ್ಲಿ ನಿರ್ಮಿಸಿದ್ದ ಸುಂದರವಾದ ಮರದ ಕಟ್ಟಡವನ್ನು ನ್ಯೂಯಾರ್ಕ್ ರಾಜ್ಯದ ಗುಡ್ಡಗಾಡಿಗೆ ಸಾಗಿಸಿ, ಬೇಸಿಗೆಯ ಮನೆಯನ್ನಾಗಿ ಮಾಡಿಕೊಂಡರು.

ವಾಷಿಂಗ್ಟನ್ ನಗರದ ಚೆರ್ರಿ ಮರಗಳ ಕಥೆಯಲ್ಲಿಯೂ ಅವರ ಪಾತ್ರವಿದೆ. ಅಧ್ಯಕ್ಷ ಟ್ಯಾಫ್ಟರ ಪತ್ನಿಯು ಆ ನಗರದಲ್ಲಿ ಚೆರ್ರಿ ಗಿಡಗಳನ್ನು ನೆಡಿಸಲು ಬಯಸಿದ್ದಾರೆಂಬುದು 1909ರಲ್ಲಿ ತಕಮೀನೆಯವರಿಗೆ ತಿಳಿಯಿತು. ಗಿಡಗಳನ್ನು ಕೊಡಲು ಅವರು ಮುಂದಾದರು. ಆದರೆ ಕೊಡುಗೆ ತಮ್ಮ ಹೆಸರಿನಲ್ಲಿರದೆ ಟೋಕಿಯೊ ನಗರದ ಹೆಸರಿನಲ್ಲಿ ಸಂದಿತು. 1910ರಲ್ಲಿ ಬಂದ 2000 ಗಿಡಗಳಿಗೆ ಕೀಟ ಮತ್ತು ರೋಗ ತಗುಲಿದ್ದುದರಿಂದ ಅವುಗಳನ್ನು ಸುಡಬೇಕಾಯಿತು. ಬೆಂಕಿಯಿಂದ ಒಮ್ಮೆ ಎಲ್ಲವನ್ನೂ ಕಳೆದುಕೊಂಡಿದ್ದವರಿಗೆ ಮರಳಿ ಯತ್ನಿಸುವುದು ಹೊಸದಲ್ಲ. 1912ರಲ್ಲಿ 3020 ಆರೋಗ್ಯವಂತ ಗಿಡಗಳು ಬಂದವು. ಮಾರ್ಚ್ 27ರಂದು ಅಧ್ಯಕ್ಷರ ಪತ್ನಿಯೂ ಜಪಾನ್ ರಾಯಭಾರಿಯ ಪತ್ನಿಯೂ ಮೊದಲ ಎರಡು ಗಿಡಗಳನ್ನು ನೆಟ್ಟರು. ತಾಯ್ನಾಡನ್ನೂ ಅವರು ಮರೆಯಲಿಲ್ಲ. ಜಪಾನಿನಲ್ಲಿ ವಿಜ್ಞಾನಕ್ಕೆ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದು ಬೇಕೆಂದು 1913ರಲ್ಲಿ ಕರೆಯಿತ್ತರು. ಅದರ ಫಲವಾಗಿ ರಿಕೆನ್ ಎಂಬ ಸಂಸ್ಥೆಯು 1917ರಲ್ಲಿ ಸ್ಥಾಪಿತವಾಯಿತು.

1922ರ ಜುಲೈ 22ರಂದು ತಕಮೀನೆಯವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜಪಾನೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಮರುವರ್ಷ ಭಾರತೀಯರಿಗೂ ಅದೇ ಉತ್ತರ ದೊರೆಯಿತು. 1941ರಲ್ಲಿ ಎರಡು ದೇಶಗಳೂ ಯುದ್ಧಕ್ಕಿಳಿದವು. ನಿಪ್ಪಾನ್ ಕ್ಲಬ್ಬಿನ ಬಾಗಿಲು ಮುಚ್ಚಿತು. ವಾಷಿಂಗ್ಟನ್ನಿನಲ್ಲಿ ಯಾರೋ ನಾಲ್ಕು ಚೆರ್ರಿ ಮರಗಳನ್ನು ಕಡಿದುಹಾಕಿದರು. ಅವರು ಕಟ್ಟಿದ ಸ್ನೇಹದ ಸೇತುವೆ ಕುಸಿದೇಹೋಯಿತೆಂದು ಅಂದು ಯಾರಿಗಾದರೂ ತೋರುತ್ತಿತ್ತು. ಆದರೆ ಉಳಿದ ಮರಗಳು ವಸಂತ ಬಂದಾಗ ಎಂದಿನಂತೆ ಹೂಬಿಟ್ಟವು. ಯುದ್ಧಾನಂತರ ಕ್ಲಬ್ಬು ಮತ್ತೆ ತೆರೆಯಿತು. ಜಪಾನೀಯರಿಗೆ ಪೌರತ್ವದ ಹಕ್ಕು 1952ರಲ್ಲಿ ಲಭಿಸಿತು.

ಸಂಗೀತದ ಸಂಜೆಯಲ್ಲಿ ವಿಜ್ಞಾನಿಯನ್ನು ನೆನೆಯುವುದು ಏಕೆ ಉಚಿತವೆಂಬುದು ಈಗ ತಿಳಿಯುತ್ತದೆ. ಪರನಾಡಿನಲ್ಲಿ ತಮ್ಮ ಹಾಡನ್ನು ನಿರ್ಭಯವಾಗಿ ಹಾಡಲು ಒಂದು ಸಮುದಾಯಕ್ಕೆ ಸಭಾಂಗಣ ಬೇಕು; ಕೇಳಲು ನೆರೆಯವರು ಬೇಕು; ಇಬ್ಬರ ನಡುವೆ ವಿಶ್ವಾಸವೂ ಬೇಕು. ಇವುಗಳನ್ನು ಮೊದಲು ಕಟ್ಟಿದವರಲ್ಲಿ ತಕಮೀನೆಯವರು ಅಗ್ರಗಣ್ಯರು. ಹರಳುಗಳು ದೊರೆತದ್ದೂ ಜುಲೈ ತಿಂಗಳಿನಲ್ಲಿ. ಅವರು ಅಗಲಿದ್ದೂ ಜುಲೈ ತಿಂಗಳಿನಲ್ಲಿ. ಹಿರಿಯರನ್ನು ದೀಪವಿಟ್ಟು ಕರೆಯುವ ಬೇಸಿಗೆಯೇ ಅವರ ಸ್ಮರಣೆಗೆ ತಕ್ಕ ಕಾಲ.

ಆದರೆ ಆ ಸ್ಮರಣೆ ಪೂರ್ಣವಾಗಬೇಕಾದರೆ ಇನ್ನೊಬ್ಬರನ್ನೂ ನೆನೆಯಬೇಕು. ಅಡ್ರಿನಲಿನ್ನಿನ ಪೇಟೆಂಟ್ ತಕಮೀನೆಯವರೊಬ್ಬರ ಹೆಸರಿನಲ್ಲಿಯೇ ಇತ್ತು. ಹರಳುಗಳನ್ನು ತನ್ನ ಕೈಯಿಂದ ತೆಗೆದ ಉಯೆನಾಕನ ಹೆಸರು ಬಹುಕಾಲ ಮರೆಯಲ್ಲಿಯೇ ಉಳಿಯಿತು. ಆತ ದಿನದಿನದ ಕೆಲಸವನ್ನು ಬರೆದಿಟ್ಟ ಪ್ರಯೋಗದ ಪುಸ್ತಕವು ಜಪಾನಿನ ನಿಶಿನೋಮಿಯ ನಗರದ ಒಂದು ಬೌದ್ಧ ದೇವಾಲಯದಲ್ಲಿ ಉಳಿದುಬಂದಿದ್ದು, ಆ ಶ್ರಮಕ್ಕೆ ಸಾಕ್ಷಿಯಾಗಿದೆ. ಹಿರಿಯನನ್ನು ಹೊಗಳುವ ಭರದಲ್ಲಿ ಕಿರಿಯನನ್ನು ಮರೆಯುವುದು ಲೋಕರೂಢಿ, ಆದರೆ ನ್ಯಾಯವಲ್ಲ.

ಕೋತೊವನ್ನು ನುಡಿಸುವವರನ್ನು ಗಮನಿಸಿದರೆ ಈ ಮಾತು ಮನದಟ್ಟಾಗುತ್ತದೆ. ಬಲಗೈ ಬೆರಳುಗಳು ತಂತಿಯನ್ನು ಮೀಟುತ್ತವೆ. ಸಭಿಕರ ಕಣ್ಣು ಆ ಕೈಯ ಮೇಲೆಯೇ ಇರುತ್ತದೆ. ಕುದುರೆಯ ಆಚೆಗೆ ಎಡಗೈ ಸದ್ದಿಲ್ಲದೆ ತಂತಿಯನ್ನು ಒತ್ತಿ, ಬಿಟ್ಟು, ಸ್ವರವನ್ನು ಏರಿಸಿ ಇಳಿಸುತ್ತದೆ. ಮೀಟಿದ ಕೈಯಿಂದ ನಾದ ಹುಟ್ಟಿದರೂ ಒತ್ತಿದ ಕೈಯಿಂದ ಅದಕ್ಕೆ ಜೀವ ಬರುತ್ತದೆ. ವಿಜ್ಞಾನದ ಸಾಧನೆಗಳೂ ಹೀಗೆಯೇ. ಒಬ್ಬರನ್ನು ಗೌರವಿಸುವ ಸಂಜೆಯಲ್ಲಿ ಎರಡೂ ಕೈಗಳನ್ನು ಕಾಣಬಲ್ಲ ಸಭೆಯೇ ನಿಜವಾದ ಕೃತಜ್ಞತೆಯನ್ನು ಸಲ್ಲಿಸಿದ ಸಭೆ.