ಹಿತ್ತಿಲ ಒಲೆಗೆ ಯಾವ ಕಂಬ?

ನಂಜನಗೂಡು, ತಿ. ನರಸೀಪುರದ ಕಡೆ ಮದುವೆ, ಹಬ್ಬದ ದೊಡ್ಡ ಅಡುಗೆ ಹಿತ್ತಿಲ ಒಲೆಯಲ್ಲೇ. ಕುದಿಯುವ ಸಾರಿನ ಮೇಲೆ ಚಪ್ಪರ ಕುಸಿದರೆ ಗತಿಯೇನು? ಕಂಬ ಆರಿಸುವಾಗ ಅಗ್ಗಕ್ಕೆ ಮರುಳಾಗಬೇಡಿ.

ಬಿದಿರು, ನೀಲಗಿರಿ: ಸುಲಭವಾಗಿ ಸಿಗುತ್ತವೆ. ಆದರೆ ಹೂತ ಬುಡಕ್ಕೆ ಗೆದ್ದಲು ಹಿಡಿಯುತ್ತೆ. ಬೆಂಕಿಯ ಭಯ ಬೇರೆ.

ಜಿ.ಐ. ಪೈಪು: ಸತುವಿನ ಲೇಪವಿರುವುದರಿಂದ ಬೇಗ ತುಕ್ಕು ಹಿಡಿಯದು. ವೆಲ್ಡಿಂಗ್ ಮಾಡಿದ ಕಡೆ ಲೇಪ ಸುಟ್ಟಿರುತ್ತೆ. ಅಲ್ಲಿಗೆ ಸತುವಿನ ಬಣ್ಣ ಹಚ್ಚಿಸಿ.

ಕಲ್ಲುಕಂಬ: ಗೆದ್ದಲೂ ಇಲ್ಲ, ತುಕ್ಕೂ ಇಲ್ಲ. 2018, 2019ರಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ನೆನೆದ ಮಣ್ಣಲ್ಲಿ ಮರ ಕೊಳೆಯುತ್ತೆ, ಕಲ್ಲು ಕೊಳೆಯದು. ಹೊಳೆ ಹತ್ತಿರದವರಿಗೆ ಇದೇ ಲೇಸು. ಎರಡಡಿ ಆಳ ಹೂಳಿಸಿ, ಸುತ್ತ ಕಾಂಕ್ರೀಟು ತುಂಬಿಸಿ. ಉರಿ ನೇರವಾಗಿ ತಗುಲಿದರೆ ಕಲ್ಲೂ ಸಿಡಿಯುತ್ತೆ; ಒಲೆ ದೂರವಿರಲಿ.