ಕರ್ತೃಪದವಿಲ್ಲದ ಅಲೆ

ಚುನಾವಣಾ ವರದಿಗಳಲ್ಲಿ ‘ಅಲೆ’ ಹಳೆಯ ಪದ. 2021ರ ಏಪ್ರಿಲ್‌ನಲ್ಲಿ ಅದು ಪತ್ರಿಕೆಯ ಒಂದೇ ಪುಟದಲ್ಲಿ ಎರಡು ಕಡೆ ದುಡಿಯಿತು: ಪಕ್ಷದ ಪರವಾದ ಅಲೆ, ಕೊರೊನಾದ ಎರಡನೇ ಅಲೆ.

ಪಶ್ಚಿಮ ಬಂಗಾಳದಲ್ಲಿ ಎಂಟು ಹಂತಗಳ ಮತದಾನ ಸಾಗಿತ್ತು. ನಮ್ಮಲ್ಲಿ ಬೆಳಗಾವಿ, ಬಸವಕಲ್ಯಾಣ, ಮಸ್ಕಿಗಳ ಉಪಚುನಾವಣೆ. ಪ್ರಚಾರದ ಕಾವು ಏರುತ್ತದೆ, ಜನಸಾಗರ ಉಕ್ಕುತ್ತದೆ, ಅಲೆ ಅಪ್ಪಳಿಸುತ್ತದೆ. ಇಂತಹ ವಾಕ್ಯಗಳಲ್ಲಿ (ತರ್ಕಶಾಸ್ತ್ರ ಕಲಿತವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ) ಪ್ರಕೃತಿಯೇ ಕರ್ತೃ. ಸಭೆಗಳನ್ನಾದರೋ ಕರೆದವರಿದ್ದರು, ಅನುಮತಿಯಿತ್ತವರಿದ್ದರು. ಅವರನ್ನು ಮರೆಮಾಚುವ ಭಾಷೆ ಎಷ್ಟೇ ಸೊಗಸಾಗಿದ್ದರೂ ನಮಗೆ ಒಪ್ಪಿಗೆಯಾಗದು.

ಏಪ್ರಿಲ್ 26ರಂದು ಮದ್ರಾಸ್ ಹೈಕೋರ್ಟ್, ಎರಡನೇ ಅಲೆಗೆ ಚುನಾವಣಾ ಆಯೋಗವೇ ಹೊಣೆಯೆಂದು ಮೌಖಿಕವಾಗಿ ನುಡಿಯಿತು. ಮಾತು ಕಟುವಾಯಿತೆಂದು ಮೇ 6ರಂದು ಸುಪ್ರೀಂ ಕೋರ್ಟ್ ಹೇಳಿತಾದರೂ, ಅಂತಹ ಮಾತುಗಳನ್ನು ವರದಿ ಮಾಡದಂತೆ ಪತ್ರಿಕೆಗಳನ್ನು ತಡೆಯಲೊಪ್ಪಲಿಲ್ಲ. ಅದು ಉಚಿತವೇ ಆಯಿತು.

ಮೇ 2ರಂದು ಮತ ಎಣಿಕೆ. ಮರುದಿನ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಿಂದ 24 ರೋಗಿಗಳ ಮರಣವಾರ್ತೆ ಬಂದಿತು. ಆಮ್ಲಜನಕದ ಕೊರತೆಯಿಂದ ಸಾವು ಎಂದು ಓದಿದೆವು. ಸಿಲಿಂಡರುಗಳನ್ನು ತರಿಸಬೇಕಾಗಿದ್ದವರು ಯಾರೆಂದು ಹುಡುಕುತ್ತ ಆ ಕುಟುಂಬಗಳವರು ಅದೇ ವಾಕ್ಯವನ್ನು ಎಷ್ಟು ಬಾರಿ ಓದಿದರೋ.