ತೋಟದ ಮನೆಗೊಂದು ಸಣ್ಣ ಲೇತ್: ಕೊಳ್ಳುವುದು, ಕೂರಿಸುವುದು, ದುರಸ್ತಿ

ಸದಸ್ಯ ಬಾಂಧವರಲ್ಲಿ ಮೂರು ನಾಲ್ಕು ಮಂದಿ ಈಚೆಗೆ ಸಂಘದ ಕಚೇರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ನಿಮ್ಮ ಹಾಗೆ ನಾವೂ ಒಂದು ಲೇತ್ ಇಟ್ಟುಕೊಂಡರೆ ಹೇಗೆ?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ನಾನು ಟರ್ನರ್ ಅಲ್ಲ. ಕೈ ಸುಟ್ಟುಕೊಂಡು ಕಲಿತವನು.

2021ರ ಡಿಸೆಂಬರಿನಲ್ಲಿ, ಅರೇಬಿಕಾ ಹಣ್ಣು ಕೊಯ್ಲಿನ ಭರದಲ್ಲಿದ್ದಾಗ, ನಮ್ಮ ಪಲ್ಪರಿನ ಡ್ರಮ್ ಶಾಫ್ಟಿನ ಬುಷ್ ಸವೆದು ಡ್ರಮ್ ಓಲಾಡತೊಡಗಿತು. ಡ್ರಮ್ಮಿಗೂ ಎದುರಿನ ಪ್ಲೇಟಿಗೂ ನಡುವಿನ ಅಂತರ ಒಂದು ಸುತ್ತಿನಲ್ಲೇ ಹೆಚ್ಚುಕಡಿಮೆಯಾದರೆ ಏನಾಗುವುದೆಂದು ಬಲ್ಲವರು ಬಲ್ಲರು. ಅಂತರ ಕಿರಿದಾದ ಕಡೆ ಬೀಜ ಕತ್ತರಿಸುತ್ತದೆ, ಹಿರಿದಾದ ಕಡೆ ಹಣ್ಣು ಸಿಪ್ಪೆಯೊಡನೆ ಹಾಗೇ ಜಾರಿ ಬರುತ್ತದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ರಾಶಿಯಲ್ಲೇ ಬಿಸಿಯೇರಿ ಹುಳಿಯುತ್ತದೆ. ಪೇಟೆಯ ವರ್ಕ್‌ಶಾಪಿನಲ್ಲಿ ಆ ವಾರ ನನ್ನಂಥವರು ಸಾಲಾಗಿ ಕಾಯುತ್ತಿದ್ದರು. ಮನೆಯಲ್ಲಿ ಲೇತ್ ಇದ್ದುದರಿಂದ ರಾತ್ರಿ ಹತ್ತರೊಳಗೆ ಹೊಸ ಬುಷ್ ಕೂತಿತು. ಅಡಿಕೆಯವರಿಗೂ ಇದೇ ಮಾತು: ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆ ಬಿಡುವು ಕೊಡುವುದು ಎರಡು ದಿನ, ಸ್ಪ್ರೇಯರ್ ಪಂಪು ಕೆಡುವುದೂ ಆ ಎರಡೇ ದಿನಗಳಲ್ಲಿ.

ಹಾಗೆಂದು ಎಲ್ಲರೂ ಲೇತ್ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಮೂರು ನಾಲ್ಕು ಎಕರೆಯವರಿಗೆ ಲೆಕ್ಕ ಹಾಕಿದರೆ ಇದು ಹುಟ್ಟುವ ಬಾಬಲ್ಲ. ಕೈಕೆಲಸದಲ್ಲಿ ಆಸಕ್ತಿ ಇದ್ದವರು ಹವ್ಯಾಸವೆಂದೇ ಕೊಳ್ಳಬೇಕು, ಇಲ್ಲವೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೊಳ್ಳಬೇಕು. ಸೇರಿ ಕೊಳ್ಳುವುದಾದರೆ ನಡೆಸುವವನು ಒಬ್ಬನೇ ಇರಲಿ. ನಾಲ್ಕು ಜನರ ಕೈಗೆ ಸಿಕ್ಕ ಲೇತ್ ಆರು ತಿಂಗಳೂ ಬಾಳದು.

ಮಾರುಕಟ್ಟೆಯಲ್ಲಿ ಮೂರು ಬಗೆ ಸಿಗುತ್ತವೆ. ಮೇಜಿನ ಮೇಲಿಡುವ ಚೀನೀ ಮಿನಿ ಲೇತುಗಳು ಒಂದು. ಇವು ಹಗುರ, ಮನೆಯ ವಿದ್ಯುತ್ತಿಗೇ ನಡೆಯುತ್ತವೆ, ಆದರೆ ಕೆಲವದರಲ್ಲಿ ಗೇರುಗಳು ಪ್ಲಾಸ್ಟಿಕ್ಕಿನವು, ದಪ್ಪ ಶಾಫ್ಟಿಗೆ ಒಗ್ಗುವುದಿಲ್ಲ. ಎರಡನೆಯದು ರಾಜಕೋಟ್, ಬಟಾಲಾ ಕಡೆಯಿಂದ ಬರುವ ಹಗುರ ಕೆಲಸದ ಲೇತುಗಳು. ನಾಲ್ಕೂವರೆ ಅಡಿ, ಆರು ಅಡಿ ಎಂದು ಬೆಡ್ಡಿನ ಉದ್ದದ ಲೆಕ್ಕದಲ್ಲಿ ಮಾರುತ್ತಾರೆ. ಮೂರನೆಯದು ಹಳೆಯ ದೊಡ್ಡ ಯಂತ್ರಗಳು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದರೂ ಅದರ ಲೇತುಗಳು ಇಂದಿಗೂ ನಮ್ಮ ಊರುಗಳಲ್ಲಿ ತಿರುಗುತ್ತಿವೆ. ಯಂತ್ರ ಉತ್ತಮವೇ, ಆದರೆ ತೋಟದ ರಸ್ತೆಯಲ್ಲಿ ತರುವುದೇ ಒಂದು ಪ್ರಯಾಸ, ಬಿಡಿಭಾಗವನ್ನು ನಾವೇ ಮಾಡಿಸಬೇಕು. ನಮ್ಮ ಕೆಲಸಕ್ಕೆ ನಾಲ್ಕೂವರೆ ಅಡಿಯದು ಸಾಕು. ಬೆಲೆ ನಾನು ಬರೆಯುವುದಿಲ್ಲ; ಈ ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಬದಲಾಗಿರುತ್ತದೆ.

ಹಳೆಯ ಲೇತ್ ಕೊಳ್ಳುವಾಗ ಬಣ್ಣ ನೋಡಬೇಡಿ. 2014ರಲ್ಲಿ ನಾನು ಮರುಳಾದದ್ದೇ ಹೊಸ ಹಸಿರು ಬಣ್ಣಕ್ಕೆ. ಬೆಡ್ ಯಾವಾಗಲೂ ಚಕ್ಕಿನ ಹತ್ತಿರ ಹೆಚ್ಚು ಸವೆದಿರುತ್ತದೆ, ಕೆಲಸ ನಡೆಯುವುದು ಅಲ್ಲೇ. ಸ್ಯಾಡಲನ್ನು ಚಕ್ಕಿನ ಬಳಿಗೆ ತಂದು ಅದರ ಹಿಡಿತದ ಪಟ್ಟಿಗಳನ್ನು ಆಟವಿಲ್ಲದಂತೆ ಬಿಗಿ ಮಾಡಿ, ಅನಂತರ ಟೇಲ್‌ಸ್ಟಾಕ್ ಕಡೆಗೆ ಸರಿಸಿ ನೋಡಬೇಕು. ಅಲ್ಲಿ ಕಚ್ಚಿ ನಿಂತರೆ ನಡುವೆ ಸವೆತವಿದೆ ಎಂದರ್ಥ. ಸ್ವಲ್ಪ ಬಿಗಿಯಾದರೆ ಚಿಂತೆಯಿಲ್ಲ, ಸರಿಯಲೇ ಒಲ್ಲದಿದ್ದರೆ ಬಿಟ್ಟು ಬನ್ನಿ. ಬೆಡ್ ಗ್ರೈಂಡ್ ಮಾಡಿಸುವ ಖರ್ಚು ನಮಗೆ ಹೇಳಿದ್ದಲ್ಲ. ಸ್ಪಿಂಡಲ್ ನೋಡಲು ಚಕ್ಕಿನ ಕೆಳಗೆ ಮರದ ತುಂಡೊಂದನ್ನು ಸನ್ನೆಯಂತೆ ಕೊಟ್ಟು ಮೇಲಕ್ಕೆತ್ತಿ, ಡಯಲ್ ಗೇಜ್ ಮುಳ್ಳು ಎಷ್ಟು ಓಡುತ್ತದೆಂದು ಗಮನಿಸಿ. ಕ್ರಾಸ್ ಸ್ಲೈಡಿನ ಹಿಡಿಯನ್ನು ಹಿಂದಕ್ಕೆ ತಿರುಗಿಸಿ, ಸ್ಲೈಡ್ ಅಲುಗುವ ಮೊದಲು ಎಷ್ಟು ಗೆರೆ ಖಾಲಿ ಹೋಗುತ್ತವೆಂದು ಎಣಿಸಿ. ಇದು ಸವೆದ ನಟ್ಟಿನ ದೋಷ, ಬದಲಾಯಿಸಬಹುದು. ಬೆಲೆ ಇಳಿಸಲು ಒಂದು ಮಾತಾಯಿತು. ಎಲ್ಲ ವೇಗಗಳಲ್ಲೂ, ಬ್ಯಾಕ್ ಗೇರಿನಲ್ಲೂ ಓಡಿಸಿ ನೋಡದೆ ಹಣ ಕೊಡಬಾರದು. ಹಲ್ಲು ಮುರಿದ ಗೇರು ಸುತ್ತಿಗೊಮ್ಮೆ 'ಟಕ್' ಎಂದು ತಾನೇ ಹೇಳುತ್ತದೆ.

ಮರೆ ತೆಗೆಯುವ ಬಿಡಿ ಗೇರುಗಳನ್ನೂ ಎಣಿಸಿಕೊಳ್ಳಿ. ನನಗೆ ಮಾರಿದ ಗೃಹಸ್ಥರು "ಎಲ್ಲಾ ಇದೆ" ಎಂದು ಒಂದು ಗೋಣಿಚೀಲ ಕಟ್ಟಿಕೊಟ್ಟರು. ಮನೆಗೆ ಬಂದು ನೋಡಿದರೆ 127 ಹಲ್ಲಿನ ಗೇರು ಇರಲಿಲ್ಲ. ಐದು ಅಂಗುಲವೆಂದರೆ ಸರಿಯಾಗಿ 127 ಮಿ.ಮೀ.; ಆದ್ದರಿಂದ ಅಂಗುಲದ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ ಮಿಲಿಮೀಟರ್ ಮರೆಯನ್ನು ನಿಖರವಾಗಿ ತೆಗೆಯಲು ಆ ಗೇರು ಬೇಕೇ ಬೇಕು. ಹಳೆಯ ಪಲ್ಪರ್, ಪಂಪುಗಳಲ್ಲಿ ವಿಟ್‌ವರ್ತ್ ಮರೆ, ಹೊಸವುಗಳಲ್ಲಿ ಮೆಟ್ರಿಕ್ ಮರೆ. ನಮಗೆ ಎರಡೂ ಬೇಕು.

ಮೋಟಾರು ಮೂರು ಫೇಸಿನದಾದರೆ ಸಿಂಗಲ್ ಫೇಸ್ ಮೋಟಾರಿಗೆ ಬದಲಾಯಿಸಬಹುದು, ಅಥವಾ ಈಗ ಸಿಗುವ ವೇಗ ನಿಯಂತ್ರಕ ಡ್ರೈವ್ ಹಾಕಿದರೆ ಸಿಂಗಲ್ ಫೇಸಿನಿಂದಲೇ ಅದೇ ಮೋಟಾರು ಓಡುತ್ತದೆ. ಚಕ್ ಮರೆಯಿಂದ ಕೂರುವ ಲೇತಾದರೆ ಹಿಂದುಮುಂದಾಗಿ ಓಡಿಸಬಾರದು, ಚಕ್ ಬಿಚ್ಚಿಕೊಂಡು ಬರುತ್ತದೆ. ಅರ್ಥಿಂಗ್ ಸರಿಯಾಗಿರಲಿ, ಮಲೆನಾಡಿನ ಒದ್ದೆ ನೆಲ.

ಕೂರಿಸುವ ವಿಷಯ. ಕಾಂಕ್ರೀಟ್ ನೆಲ ಬೇಕು. ನಾಲ್ಕು ಬೋಲ್ಟನ್ನೂ ಬಲವಿದ್ದಷ್ಟು ಬಿಗಿದರೆ ಬೆಡ್ ತಿರುಚಿಕೊಂಡು, ತೆಗೆದ ಕೆಲಸವೆಲ್ಲ ಒಂದು ಕಡೆ ದಪ್ಪ ಒಂದು ಕಡೆ ಸಣ್ಣವಾಗುತ್ತದೆ. ದಪ್ಪ ಸರಳೊಂದನ್ನು ಚಕ್ಕಿಗೆ ಮಾತ್ರ ಹಿಡಿದು, ಎರಡು ಕಡೆ ಉಬ್ಬು ಬಿಟ್ಟು, ಎರಡರ ಮೇಲೂ ಒಂದೇ ತೆಳು ಕಟ್ ತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಅಳತೆ ಒಂದಾಗುವವರೆಗೆ ಟೇಲ್‌ಸ್ಟಾಕ್ ಕಡೆಯ ಕಾಲಿನಡಿ ತಗಡಿನ ಚೂರು ಕೊಟ್ಟು ಸರಿಪಡಿಸಬೇಕು. ನನಗೆ ಎರಡು ಭಾನುವಾರ ಹಿಡಿಯಿತು. ಇನ್ನೊಂದು ಮಾತು: ಲೇತ್ ಇಡುವ ಕೊಠಡಿಯಲ್ಲಿ ಪೊಟ್ಯಾಷ್ ಚೀಲವಾಗಲಿ ಮೈಲುತುತ್ತವಾಗಲಿ ಇರಲೇಕೂಡದು. ಎರಡೂ ಕಬ್ಬಿಣವನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಬೆಡ್ಡಿಗೆ ಎಣ್ಣೆ ಸವರಿ ಬಟ್ಟೆ ಹೊದಿಸಬೇಕು.

ಜೊತೆಗೆ ಬೇಕಾದ ಸಾಮಾನು ಮೊದಲಿಗೆ ಸ್ವಲ್ಪವೇ ಸಾಕು. ಮೂರು ದವಡೆಯ ಚಕ್ ಲೇತಿನೊಂದಿಗೇ ಬರುತ್ತದೆ, ಆದರೆ ಸವೆದ ಶಾಫ್ಟನ್ನು ಸರಿಯಾಗಿ ನಡುವಿಗೆ ತರಲು ನಾಲ್ಕು ದವಡೆಯದೇ ಬೇಕು. ಡಯಲ್ ಗೇಜ್, ಮೈಕ್ರೋಮೀಟರ್, ಟೇಲ್‌ಸ್ಟಾಕಿಗೆ ಡ್ರಿಲ್ ಚಕ್, ತಿರುಗುವ ಸೆಂಟರ್, ಒಂದು ಬೋರಿಂಗ್ ಬಾರ್, ಟೂಲ್ ಸಾಣೆ ಹಿಡಿಯಲು ಬೆಂಚ್ ಗ್ರೈಂಡರ್. ಕಾರ್ಬೈಡ್ ಟೂಲಿಗೆ ಹೆಚ್ಚು ವೇಗ, ಗಟ್ಟಿ ಯಂತ್ರ ಬೇಕು; ಸಣ್ಣ ಲೇತಿಗೆ ಎಚ್.ಎಸ್.ಎಸ್. ಟೂಲೇ ಲೇಸು. ಟೂಲಿನ ತುದಿ ಸೆಂಟರಿನ ಎತ್ತರಕ್ಕಿದೆಯೇ ಎಂದು ನೋಡಲು, ತುದಿಗೂ ದುಂಡು ಸರಳಿಗೂ ನಡುವೆ ಉಕ್ಕಿನ ಅಳತೆಪಟ್ಟಿಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಪಟ್ಟಿ ನೆಟ್ಟಗೆ ನಿಂತರೆ ಸರಿ. ಮೇಲ್ತುದಿ ನಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆಚೆ ವಾಲಿದರೆ ಮೇಲಿದೆ.

ಈಗ ಆ ರಾತ್ರಿಯ ಬುಷ್. ಶಾಫ್ಟ್ ಮೂಲತಃ 30 ಮಿ.ಮೀ. ಸವೆತ ಒಂದೇ ಸಮನಾಗಿರಲಿಲ್ಲ, ಆದ್ದರಿಂದ ಎರಡು ಸೆಂಟರುಗಳ ನಡುವೆ ಹಿಡಿದು 29.50ಕ್ಕೆ ತೆಳುವಾಗಿ ತೆಗೆದು ನುಣುಪು ಮಾಡಿದೆ. ಪೇಟೆಯಲ್ಲಿ ಸಿಗುವ ಸಿದ್ಧ ಬುಷ್ ಇದಕ್ಕೆ ಹೊಂದುವುದಿಲ್ಲ. ಸ್ವಂತ ಲೇತಿನ ಪ್ರಯೋಜನವೇ ಇದು. ಗನ್‌ಮೆಟಲ್ ತುಂಡಿನಿಂದ ಬುಷ್ ತೆಗೆಯುವಾಗ ಹೊರವ್ಯಾಸ ಮನೆಯ ರಂಧ್ರಕ್ಕಿಂತ 0.03 ಮಿ.ಮೀ. ಹೆಚ್ಚು ಇಟ್ಟೆ, ಒತ್ತಿ ಕೂರಿಸಿದರೆ ಬಿಗಿಯಾಗಿ ನಿಲ್ಲಲೆಂದು. ಒತ್ತಿದಾಗ ಒಳವ್ಯಾಸವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಇದನ್ನು ಮರೆತು ಮೊದಲ ವರ್ಷ ಎರಡು ಬುಷ್ ಹಾಳು ಮಾಡಿದ್ದೇನೆ. ಹಾಗಾಗಿ ಒಳಗೆ 29.57 ತೆಗೆದೆ, ಕೂತ ಮೇಲೆ 29.54 ಆಯಿತು. ಶಾಫ್ಟಿಗೂ ಬುಷ್ಷಿಗೂ ನಡುವೆ 0.04 ಮಿ.ಮೀ. ಎಣ್ಣೆಗೆ ಜಾಗ. ವ್ಯಾಸದ ಸಾವಿರದಲ್ಲೊಂದು ಪಾಲು ಅಥವಾ ಸ್ವಲ್ಪ ಹೆಚ್ಚು ಎಂಬ ಲೆಕ್ಕ ಇಟ್ಟುಕೊಂಡರೆ ನಮ್ಮ ಯಂತ್ರಗಳಿಗೆ ಸಾಕು. ಎಣ್ಣೆಯ ತೂತನ್ನು ಕೊರೆಯಲು ಮರೆಯಬಾರದು.

ಲೇತಿನ ಸ್ವಂತ ದುರಸ್ತಿಯಲ್ಲಿ ಮುಕ್ಕಾಲು ಪಾಲು ಎಣ್ಣೆ ಮತ್ತು ಗಿಬ್ ಸ್ಕ್ರೂ. ಕೆಲಸದಲ್ಲಿ ಅಲೆಅಲೆಯಾಗಿ ಗುರುತು ಬಿದ್ದು ಟೂಲ್ ಕಿರುಚಿದರೆ ಮೊದಲು ಟೂಲನ್ನು ಹೋಲ್ಡರಿನಿಂದ ಕಡಿಮೆ ಹೊರಚಾಚಿ, ಆಮೇಲೆ ಗಿಬ್ ಬಿಗಿ ಮಾಡಿ, ಅದಾದ ಮೇಲೆ ಸ್ಪಿಂಡಲ್ ಬೇರಿಂಗ್. ಟೇಪರ್ ರೋಲರ್ ಬೇರಿಂಗಾದರೆ ಹಿಂದಿನ ನಟ್ಟನ್ನು ಚೂರು ಚೂರೇ ಬಿಗಿದು, ಅರ್ಧ ಗಂಟೆ ಓಡಿಸಿ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈಯಿಡಲಾಗದಿದ್ದರೆ ಸಡಿಲಿಸಿ. ಕ್ರಾಸ್ ಸ್ಲೈಡಿನ ಗನ್‌ಮೆಟಲ್ ನಟ್ ಕೆಡುವ ಮುನ್ನವೇ ಹೊಸದೊಂದನ್ನು ಅದೇ ಲೇತಿನಲ್ಲಿ ಮಾಡಿಟ್ಟುಕೊಳ್ಳುವುದು ಜಾಣತನ. ಕೆಟ್ಟ ಮೇಲೆ ಮಾಡಲು ಲೇತಿರುವುದಿಲ್ಲ.

ಅಪಾಯದ ಮಾತು ಕೊನೆಗೆ ಬರೆದಿದ್ದರೂ ಚಿಕ್ಕದಲ್ಲ. ಚಕ್ ಕೀಲಿಯಿಂದ ಕೈ ತೆಗೆಯುವ ಮೊದಲೇ ಕೀಲಿ ಚಕ್ಕಿನಿಂದ ಹೊರಬಂದಿರಬೇಕು. ಕೈಗವಸು, ಶಾಲು, ಉದ್ದ ತೋಳು, ಬೆರಳಿನ ಉಂಗುರ ಬೇಡ. ಸುರುಳಿ ಚೂರುಗಳನ್ನು ಬೆರಳಿನಿಂದ ಎಳೆಯದೆ ಕೊಕ್ಕೆಯಿಂದ ತೆಗೆಯಿರಿ. ಕನ್ನಡಕ ಹಾಕಿಕೊಳ್ಳಿ. ಮಕ್ಕಳಿರುವ ಮನೆಯಾದರೆ ಮೇನ್ ಸ್ವಿಚ್ಚಿಗೆ ಬೀಗವಿರಲಿ.

ನೋಡಬೇಕೆನ್ನುವವರು ಕಚೇರಿಯಲ್ಲಿ ತಿಳಿಸಿ, ಭಾನುವಾರ ಬೆಳಿಗ್ಗೆ ಮನೆಗೆ ಬರಬಹುದು. ಸವೆದ ಬುಷ್ ಯಾವುದಾದರೂ ಇದ್ದರೆ ಶಾಫ್ಟಿನ ಸಮೇತ ತನ್ನಿ. ಪಂಚೆಯುಟ್ಟು ಬಂದವರನ್ನು ಲೇತಿನ ಹತ್ತಿರ ಬಿಡುವುದಿಲ್ಲ, ಕಾಫಿ ಮಾತ್ರ ಕೊಡುತ್ತೇನೆ.